ಹಿಂಬದಿಯ ಮುಚ್ಚಳ

ಕಾಂದಿವಲಿ
9 ಜೂನ್ 2024

ಸಂದೀಪ,

ನೀನು ಹೇಗಿದ್ದೀ ಎಂದು ಕೇಳಲು ಈ ಕಾಗದ ಬರೆಯುತ್ತಿಲ್ಲ. ಅದನ್ನು ಕೇಂದ್ರದ ಕಾಂತಪ್ಪನವರು ಪ್ರತಿ ಸೋಮವಾರ ನಿನ್ನ ಶಾಂತಪ್ಪಮಾಮನಿಗೆ ಫೋನು ಮಾಡಿ ಹೇಳುತ್ತಾರೆ, ಅವನು ನನಗೆ ಹೇಳುತ್ತಾನೆ. ಮೊದಲ ಹತ್ತು ದಿನ ನೀನು ಊಟ ಮುಟ್ಟಲಿಲ್ಲವಂತೆ. ಈಗ ಎರಡು ರೊಟ್ಟಿ ತಿನ್ನುತ್ತೀಯಂತೆ. ಕುಡಿತ ಬಿಡಲು ಬಂದವರಿಗೆ ಆರು ತಿಂಗಳು ಫೋನು ಕೊಡುವುದಿಲ್ಲ, ಕಾಗದ ಬರೆಯಬಹುದು ಎಂದು ಅವರು ಹೇಳಿದ್ದರಿಂದ ಬರೆಯುತ್ತಿದ್ದೇನೆ. ಮದುವೆಗೆ ಹೋಗೋಣ ಎಂದು ಸುಳ್ಳು ಹೇಳಿ ನಿನ್ನನ್ನು ಧಾರವಾಡಕ್ಕೆ ಕರೆದುಕೊಂಡು ಹೋಗಿ ಅಲ್ಲಿ ಬಿಟ್ಟು ಬಂದ ದಿನದ ಬಗ್ಗೆಯೂ ಬರೆಯುವುದಿಲ್ಲ. ಮಾಡಬೇಕಿತ್ತು, ಮಾಡಿದೆ.

ಈಗ ಕೆಲಸದ ಮಾತು. ನನ್ನ ಕಂಪ್ಯೂಟರು ಸಾಯುತ್ತಿದೆ. ಬೆಳಿಗ್ಗೆ ಗುಂಡಿ ಒತ್ತಿ ಅಡಿಗೆ ಮಾಡಲು ಹೋದರೆ ಸಾರು ಕುದ್ದರೂ ಅದು ಇನ್ನೂ ಎದ್ದಿರುವುದಿಲ್ಲ. ಕಸೂತಿಯ ಡಿಸೈನು ತೆರೆದರೆ ನಡುವೆ ನಿಂತುಬಿಡುತ್ತದೆ. ಹೋದ ವಾರದಿಂದ ಒಳಗೆ ಟಕ್ ಟಕ್ ಎಂದು ಸದ್ದು. ಒಂಬತ್ತು ವರ್ಷದಲ್ಲಿ ನಾನು ಕೂತು ಮಾಡಿದ ಡಿಸೈನುಗಳೆಲ್ಲ, ಗೋಪುರ, ತುಳಸಿಕಟ್ಟೆ, ಆನೆ, ಪಲ್ಲಕ್ಕಿ, ಅದರಲ್ಲೇ ಇವೆ. ಅವು ಹೋದರೆ ನನ್ನ ಕಸೂತಿ ಮಷೀನು ಬರೀ ಕಬ್ಬಿಣ. ಮಾಟುಂಗದ ಕನ್ನಡ ಸಂಘದವರು ರಾಜ್ಯೋತ್ಸವಕ್ಕೆ ಅರವತ್ತು ಶಾಲು ಹೇಳಿದ್ದಾರೆ. ಇಷ್ಟು ದೊಡ್ಡ ಕೆಲಸ ನನಗೆ ಹಿಂದೆ ಬಂದಿಲ್ಲ.

ಮೂರು ವರ್ಷದ ಹಿಂದೆ ನೀನು ಅದನ್ನು ಬಿಚ್ಚಿ ಹೊಸ ಮೆಮೊರಿ ಹಾಕಿದ್ದೆಯಲ್ಲ. ‘ಬಾ ಅವ್ವಾ, ನೋಡು, ಎಂಟೆಂಟು ಜಿಬಿದು ಎರಡು’ ಎಂದು ಕರೆದು ತೋರಿಸಿದ್ದೆ. ಆದ್ದರಿಂದ ಮೆಮೊರಿಯ ತೊಂದರೆ ಇರಲಾರದು. ಹಳೆಯ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಎಂಬ ಹೊಸ ಬಗೆಯ ಡಿಸ್ಕು ಹಾಕಬೇಕು ಎಂದು ಎರಡನೇ ಮಾಳಿಗೆಯ ವೈಶಾಲಿ ಹೇಳುತ್ತಾಳೆ. ಗೋರೆಗಾಂವದ ಅಂಗಡಿಯಲ್ಲಿ ಹದಿಮೂರು ವರ್ಷ ಇದೇ ಕೆಲಸ ಮಾಡಿದವ ನೀನು. ಹಿಂಬದಿಯ ಮುಚ್ಚಳ ತೆಗೆಯುವುದು ಹೇಗೆ, ಯಾವ ಸ್ಕ್ರೂ ಮೊದಲು, ಬರೆದು ಕಳಿಸು. ನಾನು ಮಾಡುತ್ತೇನೆ.

ಮಹಾದೇವಿ


ಧಾರವಾಡ
21 ಜೂನ್

ಅವ್ವ,

ಕಾಗದ ಬಂತು. ಕಂಪ್ಯೂಟರು ಮುಟ್ಟಬೇಡ. ಅದು ಆಲ್-ಇನ್-ಒನ್. ಪರದೆಯ ಬೆನ್ನಿನಲ್ಲೇ ಎಲ್ಲವನ್ನೂ ತುಂಬಿರುತ್ತಾರೆ. ಮನೆಯಲ್ಲಿ ಕೂತು ಬಿಚ್ಚುವ ವಸ್ತುವಲ್ಲ. ನವೆಂಬರಿನಲ್ಲಿ ನಾನೇ ಬಂದು ಮಾಡುತ್ತೇನೆ. ಅಲ್ಲಿಯವರೆಗೆ ಹೇಗಾದರೂ ನಡೆಸು. ಬೇರೆ ಯಾರ ಕೈಗೂ ಕೊಡಬೇಡ.

ಮದುವೆಯಲ್ಲಿ ಊಟ ಹೇಗಿತ್ತು?

ಸಂದೀಪ


ಕಾಂದಿವಲಿ
3 ಜುಲೈ

ಸಂದೀಪ,

ಮದುವೆಯ ಊಟದ ಮಾತು ಓದಿದೆ. ಕುಟುಕುವಷ್ಟು ಶಕ್ತಿ ಬಂದಿದೆ ಎಂದಾಯಿತು.

ನವೆಂಬರಿಗೆ ಶಾಲು ಹೊಲಿದರೆ ಸಂಘದವರು ಅವನ್ನು ಹೊದೆಯುವುದು ಯಾವಾಗ? ಭಾನುವಾರ ನಾನೂ ವೈಶಾಲಿಯೂ ಕಂಪ್ಯೂಟರನ್ನು ರಜಾಯಿಯಲ್ಲಿ ಸುತ್ತಿ, ರಿಕ್ಷಾದಲ್ಲಿ ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಸ್ಟೇಷನ್ ಹತ್ತಿರದ ಒಂದು ಅಂಗಡಿಗೆ ಒಯ್ದೆವು. ಅವನು ಪರದೆಯ ಮೇಲೆ ಎರಡು ಬೆರಳು ಬಡಿದು, ‘ಆಂಟಿ, ಭಂಗಾರ್ ಹೋ ಗಯಾ ಯೇ. ನಯಾ ಲೇ ಲೋ’ ಅಂದ. ಅವನ ಲೆಕ್ಕದಲ್ಲಿ ಇದು ಗುಜರಿ. ಹೊಸದು ಬೇಡ, ಇದನ್ನೇ ಮಾಡಿಕೊಡು ಅಂದೆ. ಹಾಗಾದರೆ ಎಂಟು ದಿನ ಬಿಟ್ಟು ಹೋಗಿ ಅಂದ. ನನ್ನ ಎದುರಿಗೇ ಬಿಚ್ಚುತ್ತೀಯಾ ಎಂದು ಕೇಳಿದೆ. ನಕ್ಕ. ರಜಾಯಿ ಮತ್ತೆ ಸುತ್ತಿ ವಾಪಸು ತಂದೆ.

ದಾರಿಯಲ್ಲಿ ವೈಶಾಲಿ, ‘ಮಾವಶಿ, ಯಾಕ ಇಷ್ಟ ಹಟ? ಎಂಟ ದಿನದ ಮಾತಲ್ಲ’ ಎಂದು ಕೇಳಿದಳು. ‘ನನ್ನ ಡಿಸೈನು ಇನ್ನೊಬ್ಬರ ಮಷೀನಿನ್ಯಾಗ ಹೊಲೀತಿರೋದು ನೋಡೂದು ಬ್ಯಾಡವಾ’ ಅಂದೆ. ಅವಳು ಬ್ಯಾಂಕಿನವಳು, ಕೂಡಲೇ ತಿಳಿಯಿತು.

ಮೂವತ್ತು ವರ್ಷದಿಂದ ಹೊಲಿಗೆ ಮಷೀನನ್ನು ನಾನೇ ಬಿಚ್ಚಿ ಎಣ್ಣೆ ಹಾಕುತ್ತಿದ್ದೇನೆ. ಯಾವ ಸ್ಕ್ರೂವನ್ನು ಎಷ್ಟು ತಿರುಗಿಸಬೇಕೆಂದು ನನ್ನ ಬೆರಳಿಗೆ ಗೊತ್ತು. ನನಗೆ ಬೇಕಾದದ್ದು ನಿನ್ನ ವಿದ್ಯೆ. ಕಳಿಸು.

ಮಹಾದೇವಿ


ಧಾರವಾಡ
16 ಜುಲೈ

ಅವ್ವ,

ನೀನು ಕೇಳುವುದಿಲ್ಲ ಎಂದು ಗೊತ್ತು, ಅದಕ್ಕೇ ಬಿಡಿಸಿ ಬರೆಯುತ್ತೇನೆ. ಒಳಗೆ ಲೋಹದ ಒಂದು ಡಬ್ಬಿ ಇದೆ, ಕರೆಂಟು ತೆಗೆದ ಮೇಲೂ ಅದರೊಳಗೆ ಕರೆಂಟು ಉಳಿದಿರುತ್ತದೆ. ಮುಟ್ಟಿದರೆ ಹೊಡೆಯುತ್ತದೆ. ಪರದೆ ಗಾಜಿನದು, ಮಗುಚಿ ಇಡುವಾಗ ಒಂದು ಸ್ಕ್ರೂ ಅಡಿಗೆ ಸಿಕ್ಕರೂ ಸೀಳುತ್ತದೆ. ಮುಚ್ಚಳವನ್ನು ಪ್ಲಾಸ್ಟಿಕ್ ಹಲ್ಲುಗಳು ಹಿಡಿದಿರುತ್ತವೆ, ಮುರಿದರೆ ಹೊಸವು ಸಿಗುವುದಿಲ್ಲ. ಮುಚ್ಚಳ ಎಳೆದ ಕೂಡಲೇ ಒಳಗಿನ ತಂತಿ ಹರಿಯಬಹುದು. ನಿನ್ನ ಸೀರೆಯ ಉಜ್ಜಾಟದಿಂದಲೇ ಬೋರ್ಡು ಸುಡಬಹುದು, ಕಣ್ಣಿಗೆ ಏನೂ ಕಾಣುವುದೂ ಇಲ್ಲ. ಫ್ಯಾನಿನ ರೆಕ್ಕೆ ಮುರಿಯಬಹುದು. ತಪ್ಪು ಮೆಮೊರಿ ತುರುಕಿದರೆ ಅದು ಕೂರುವ ಜಾಗವೇ ಹೋಗುತ್ತದೆ. ಟಕ್ ಟಕ್ ಅನ್ನುವ ಡಿಸ್ಕನ್ನು ಅಲುಗಾಡಿಸಿದರೆ ಇದ್ದದ್ದೂ ಹೋಗುತ್ತದೆ. ಮತ್ತೆ ಮುಚ್ಚುವಾಗ ಒಂದು ತಂತಿ ಸಿಕ್ಕಿಕೊಂಡರೆ ಮುಗಿಯಿತು.

ಹದಿಮೂರು ವರ್ಷದಲ್ಲಿ ನನ್ನ ಕೈಯಲ್ಲೇ ಮೂರು ಪರದೆ ಒಡೆದಿವೆ. ನಾಲ್ಕು ತಿಂಗಳು ತಡೆ. ಬಿಚ್ಚಬೇಡ.

ಇಲ್ಲಿ ಬೆಳಿಗ್ಗೆ ತೋಟದ ಕೆಲಸ ಕೊಟ್ಟಿದ್ದಾರೆ. ಮೆಂತ್ಯ ಸೊಪ್ಪು ಹಾಕಿದ್ದೇವೆ.

ಸಂದೀಪ


ಕಾಂದಿವಲಿ
25 ಜುಲೈ

ಸಂದೀಪ,

ಒಂಬತ್ತು ಅಪಾಯ ಬರೆದಿದ್ದೀ. ಎಣಿಸಿದೆ. ಅವುಗಳಿಂದ ಪಾರಾಗುವ ದಾರಿ ಒಂದನ್ನೂ ಬರೆದಿಲ್ಲ. ದಾರಿ ಗೊತ್ತಿದ್ದವನಿಗೆ ಮಾತ್ರ ಇಷ್ಟು ಅಪಾಯ ಗೊತ್ತಿರುತ್ತದೆ.

ನಿನ್ನೆ ಪರದೆ ನೀಲಿಯಾಗಿ ಏನೋ ಇಂಗ್ಲಿಷಿನಲ್ಲಿ ಬಂತು. ಎರಡು ತಾಸು ಏಳಲಿಲ್ಲ. ಮಷೀನಿನ ಮುಂದೆ ಕೈಕಟ್ಟಿ ಕೂತಿದ್ದೆ. ಹೊರಗೆ ಮಳೆ, ಲೋಕಲ್ ನಿಂತು ಹೋಗಿದೆ ಎಂದು ಎಲ್ಲರೂ ಕೂಗಾಡುತ್ತಿದ್ದರು. ನನಗೆ ಆ ಟಕ್ ಟಕ್ ಒಂದೇ ಕೇಳುತ್ತಿತ್ತು.

ಇನ್ನು ಕಾಯುವುದಿಲ್ಲ. ಆಗಸ್ಟ್ 11, ಭಾನುವಾರ, ಬೆಳಿಗ್ಗೆ ಹತ್ತಕ್ಕೆ ಬಿಚ್ಚುತ್ತೇನೆ. ನಿನ್ನ ಕಾಗದ ಬಂದರೆ ಅದನ್ನು ಓದಿ ಬಿಚ್ಚುತ್ತೇನೆ. ಬಾರದಿದ್ದರೆ ನನಗೆ ತಿಳಿದ ಹಾಗೆ ಬಿಚ್ಚುತ್ತೇನೆ.

ಮಹಾದೇವಿ

ಮೆಂತ್ಯಕ್ಕೆ ನೀರು ಹೆಚ್ಚು ಹಾಕಬೇಡಿ. ಕೊಳೆಯುತ್ತದೆ.


ಧಾರವಾಡ
1 ಆಗಸ್ಟ್

ಅವ್ವ,

ಸರಿ. ಹೇಳಿದ ಹಾಗೆಯೇ ಮಾಡಬೇಕು. ನಡುವೆ ನಿನ್ನ ಬುದ್ಧಿ ಓಡಿಸಬೇಡ.

ಮೊದಲು, ಬಿಚ್ಚುವ ಮಾತೇ ಬೇಡ. ಡಿಸೈನುಗಳ ಫೋಲ್ಡರ್ ಒಂದನ್ನೇ ಪೆನ್ ಡ್ರೈವಿಗೆ ಹಾಕಿಕೊ. ಕಾಗದ ಮುಟ್ಟಿದ ದಿನವೇ ಇದನ್ನು ಮಾಡು. ಮಿಕ್ಕದ್ದು ಹೋದರೂ ಇದು ಉಳಿಯುತ್ತದೆ. ಆಮೇಲೆ ಎಸ್‌ಎಸ್‌ಡಿಯನ್ನೂ, ಅದನ್ನು ಯುಎಸ್‌ಬಿಗೆ ಸಿಕ್ಕಿಸುವ ಕೇಬಲನ್ನೂ ತಂದು, ಹಳೆಯ ಡಿಸ್ಕಿನಲ್ಲಿದ್ದದ್ದೆಲ್ಲ ಹೊಸದಕ್ಕೆ ಇಳಿಯುವಂತೆ ಮಾಡು. ಇದಕ್ಕೆ ಕ್ಲೋನ್ ಎನ್ನುತ್ತಾರೆ. ವೈಶಾಲಿಗೆ ಇಂಗ್ಲಿಷ್ ಓದಲು ಹೇಳು. ಯಾವುದರಿಂದ ಯಾವುದಕ್ಕೆ ಎಂದು ಕೇಳುವಾಗ ಎರಡು ಸಲ ನೋಡಿ. ಉಲ್ಟಾ ಆದರೆ ಖಾಲಿ ಡಿಸ್ಕು ತುಂಬಿದ್ದನ್ನು ಅಳಿಸಿಬಿಡುತ್ತದೆ. ತಾಸುಗಟ್ಟಲೆ ಹಿಡಿಯುತ್ತದೆ, ಅಲುಗಿಸಬೇಡಿ.

ಬಿಚ್ಚುವ ದಿನ ಹತ್ತಿ ಸೀರೆ ಉಡು, ನೈಲಾನ್ ಬೇಡ. ಬಳೆ ತೆಗೆದಿಡು. ಕಂಪ್ಯೂಟರನ್ನು ಸರಿಯಾಗಿ ಬಂದ್ ಮಾಡಿ, ಪ್ಲಗ್ಗು ಕಿತ್ತು, ಎಲ್ಲ ತಂತಿ ಬಿಡಿಸಿ, ಕರೆಂಟಿಲ್ಲದೆಯೇ ಪವರ್ ಗುಂಡಿಯನ್ನು ಇಪ್ಪತ್ತು ಎಣಿಸುವವರೆಗೆ ಒತ್ತಿ ಹಿಡಿ. ಒಳಗೆ ಉಳಿದದ್ದು ಇಳಿದುಹೋಗಲಿ. ಮೇಜಿನ ಮೇಲೆ ರಜಾಯಿ ಹಾಸಿ, ಕೈಯಾಡಿಸಿ ಸೂಜಿ ಗುಂಡಿ ಏನೂ ಇಲ್ಲವೆಂದು ನೋಡಿ, ಪರದೆಯನ್ನು ಮಗುಚಿ ಮಲಗಿಸು. ನಿನ್ನ ಮನೆಯಲ್ಲಿ ಸೂಜಿ ಇಲ್ಲದ ಬಟ್ಟೆ ಇರುವುದಿಲ್ಲ, ಅದಕ್ಕೆ ಹೇಳಿದೆ.

ಸ್ಟ್ಯಾಂಡಿನ ಸ್ಕ್ರೂ ಮೊದಲು. ಆಮೇಲೆ ಮುಚ್ಚಳದವು. ಒಂದೊಂದೂ ಒಂದೊಂದು ಉದ್ದ. ಕಾಗದದ ಮೇಲೆ ಕಂಪ್ಯೂಟರಿನ ಬೆನ್ನಿನ ಚಿತ್ರ ಬರೆದು, ಎಲ್ಲಿಂದ ತೆಗೆದೆಯೋ ಅಲ್ಲಿಯೇ ಟೇಪಿನಿಂದ ಅಂಟಿಸು. ಉದ್ದನೆಯ ಸ್ಕ್ರೂವನ್ನು ಗಿಡ್ಡ ಜಾಗಕ್ಕೆ ಹಾಕಿದರೆ ಪರದೆಗೆ ಚುಚ್ಚುತ್ತದೆ. ಮುಚ್ಚಳಕ್ಕೆ ಕಬ್ಬಿಣ ತಾಗಿಸಬೇಡ, ಹಳೆಯ ಎಟಿಎಂ ಕಾರ್ಡನ್ನು ಕೆಳಗಿನ ಅಂಚಿನಿಂದ ತೂರಿಸಿ ಮೆಲ್ಲಗೆ ಸರಿಸುತ್ತಾ ಹೋಗು. ಚಟ್ ಎಂದು ಬಿಡುತ್ತದೆ, ಹೆದರಬೇಡ. ಬಿಡದಿದ್ದರೆ ಒಂದು ಸ್ಕ್ರೂ ಉಳಿದಿದೆ ಎಂದರ್ಥ, ಜಗ್ಗಬೇಡ. ಮೇಲೆತ್ತುವಾಗ ಒಂದು ಅಂಗುಲ ಎತ್ತಿ ಇಣುಕಿ ನೋಡು, ತಂತಿ ಇದ್ದರೆ ಬಿಡಿಸಿ ಆಮೇಲೆ ಎತ್ತು.

ಒಳಗೆ ಮುಟ್ಟುವ ಮೊದಲು ಲೋಹದ ಚೌಕಟ್ಟನ್ನು ಒಮ್ಮೆ ಮುಟ್ಟು. ಹಳದಿ ತ್ರಿಕೋಣದ ಗುರುತಿರುವ ಡಬ್ಬಿಯ ಕಡೆ ಹೋಗಬೇಡ. ಡಿಸ್ಕಿನ ತಂತಿಯನ್ನು ತಲೆ ಹಿಡಿದು ಕೀಳು, ಬಾಲ ಹಿಡಿದಲ್ಲ. ಮೆಮೊರಿಯ ಎರಡೂ ಬದಿಗೆ ಎರಡು ಕೊಕ್ಕೆ ಇವೆ. ಎರಡನ್ನೂ ಒಟ್ಟಿಗೆ ಹೊರಕ್ಕೆ ಸರಿಸಿದರೆ ಅದೇ ತಲೆಯೆತ್ತುತ್ತದೆ. ಹಾಕುವಾಗ ಓರೆಯಾಗಿ ತೂರಿಸಿ ಕೆಳಕ್ಕೆ ಒತ್ತಬೇಕು. ಬಂಗಾರದ ಬಣ್ಣದ ಹಲ್ಲನ್ನು ಬೆರಳಿನಿಂದ ಮುಟ್ಟಬೇಡ.

ಮೆಮೊರಿ ಹಾಕುವುದು ಯಾಕೆ ಎಂದು ಕೇಳುತ್ತೀ. ಎಂಟು ಜಿಬಿಯದು ಎರಡು ತಂದಿಟ್ಟುಕೊ. ಲ್ಯಾಪ್‌ಟಾಪಿಗೆ ಹಾಕುವ ಗಿಡ್ಡದು, ಡಿಡಿಆರ್ ನಾಲ್ಕು ಎಂದು ಅಂಗಡಿಯಲ್ಲಿ ಹೇಳು. ಯಾಕೆ ಎಂದು ಈಗ ಕೇಳಬೇಡ.

ಸಂದೀಪ


ಕಾಂದಿವಲಿ
11 ಆಗಸ್ಟ್, ಸಂಜೆ

ಸಂದೀಪ,

ಆಯಿತು. ನಡೆಯುತ್ತಿದೆ. ಮೊದಲು ಅದನ್ನು ಹೇಳಿಬಿಟ್ಟೆ.

ಕ್ಲೋನನ್ನು ಶನಿವಾರವೇ ಮಾಡಿದೆವು. ಐದು ತಾಸು ಹಿಡಿಯಿತು. ನೂರಕ್ಕೆ ತೊಂಬತ್ತೊಂದರ ಹತ್ತಿರ ಬಂದು ನಿಂತೇಬಿಟ್ಟಿತು. ವೈಶಾಲಿ, ‘ಮಾವಶಿ, ಬಂದ್ ಮಾಡಿ ಮತ್ತ ಹಚ್ಚೂಣೇನ್?’ ಅಂದಳು. ‘ಮುಟ್ಟಬ್ಯಾಡ. ಅಲುಗಿಸಬ್ಯಾಡ ಅಂತ ಬರದಾನ’ ಅಂದೆ. ಮುಕ್ಕಾಲು ತಾಸು ಇಬ್ಬರೂ ಆ ಅಂಕಿಯನ್ನೇ ನೋಡುತ್ತಾ ಕೂತೆವು. ಆಮೇಲೆ ತೊಂಬತ್ತೆರಡು ಆಯಿತು. ವೈಶಾಲಿ ಎದ್ದು ಕುಣಿದಳು, ಕೆಳಗಿನ ಮನೆಯವರು ಮೇಲೆ ಬಂದು ಏನಾಯಿತು ಎಂದು ಕೇಳಿದರು.

ಇವತ್ತು ಹತ್ತಕ್ಕೆ ಕೂತೆ. ರಜಾಯಿಯಲ್ಲಿ ನಿಜವಾಗಿಯೂ ಎರಡು ಗುಂಡುಸೂಜಿ ಸಿಕ್ಕವು. ಸ್ಕ್ರೂ ಹದಿನಾಲ್ಕು. ಮುಚ್ಚಳ ಮೂರು ಕಡೆ ಬಿಟ್ಟಿತು, ಒಂದು ಮೂಲೆ ಬಿಡಲೇ ಇಲ್ಲ. ವೈಶಾಲಿ ಜಗ್ಗು ಅಂದಳು. ನೀನು ಬರೆದದ್ದು ನೆನಪಾಗಿ ಬ್ಯಾಟರಿ ಹಿಡಿದು ಹುಡುಕಿದೆ. ಸ್ಟಿಕ್ಕರಿನ ಅಡಿಯಲ್ಲಿ ಹದಿನೈದನೆಯದು ಕೂತಿತ್ತು. ಜಗ್ಗಿದ್ದರೆ ಮುರಿಯುತ್ತಿತ್ತು.

ಒಳಗೆ ಧೂಳು, ಫ್ಯಾನಿನಲ್ಲಿ ನನ್ನ ರೇಷ್ಮೆ ದಾರದ ನವಿರು. ಮೆಮೊರಿಗೆ ಜಾಗ ಎರಡು. ಒಂದು ಖಾಲಿ ಇತ್ತು. ಇನ್ನೊಂದರಲ್ಲಿ ನಾಲ್ಕು ಜಿಬಿಯದು ಒಂದು ಇತ್ತು.

ಸ್ವಲ್ಪ ಹೊತ್ತು ನೋಡಿದೆ. ಆಮೇಲೆ ಕೆಲಸ ಮುಂದುವರಿಸಿದೆ. ಎಂಟರದು ಎರಡೂ ಹಾಕಿದೆ, ಡಿಸ್ಕು ಬದಲಿಸಿದೆ, ಫ್ಯಾನನ್ನು ಬೆರಳಿನಿಂದ ಹಿಡಿದು ಬ್ರಶ್ಶಿನಿಂದ ಗುಡಿಸಿದೆ. ಹದಿನೈದೂ ಸ್ಕ್ರೂ ತಮ್ಮ ತಮ್ಮ ಜಾಗಕ್ಕೆ ಹೋದವು. ಗುಂಡಿ ಒತ್ತಿ ಒಂದರಿಂದ ಎಣಿಸತೊಡಗಿದೆ. ಹದಿನೆಂಟಕ್ಕೆ ಎದ್ದಿತು.

ಮಹಾದೇವಿ


ಧಾರವಾಡ
12 ಆಗಸ್ಟ್

ಅವ್ವ,

ನಿನ್ನೆ ಭಾನುವಾರ ಹತ್ತು ಗಂಟೆಗೆ ನಾನು ತೋಟದಲ್ಲಿದ್ದೆ. ಏನೂ ಮಾಡಲಾಗಲಿಲ್ಲ. ನೀನು ಬಿಚ್ಚಿದೆಯೋ, ಕಂಡೆಯೋ, ಕಂಡೂ ತಿಳಿಯಲಿಲ್ಲವೋ ಗೊತ್ತಿಲ್ಲ. ತಿಳಿಯದಿರಲಿ ಎಂದು ಎರಡು ತಿಂಗಳು ಒಂಬತ್ತು ಅಪಾಯ ಬರೆದು ತಡೆದೆ. ಅವು ಸುಳ್ಳಲ್ಲ, ಆದರೆ ಅವನ್ನು ಬರೆದ ಕಾರಣ ಸುಳ್ಳು.

ಮೆಮೊರಿ ನಾನು ತೆಗೆದದ್ದು. ಫೆಬ್ರವರಿಯಲ್ಲಿ ನೀನು ಮಾಟುಂಗದ ದೇವಸ್ಥಾನಕ್ಕೆ ಹೋಗಿದ್ದೆ. ನಾನು ಆಗ ಕೆಲಸಕ್ಕೆ ಹೋಗುವುದು ಬಿಟ್ಟು ಹದಿನೈದು ದಿನವಾಗಿತ್ತು, ನಿನಗೆ ಹೇಳಿರಲಿಲ್ಲ. ನಿನ್ನ ಕಂಪ್ಯೂಟರು ಬಿಚ್ಚಿ ಎರಡೂ ತೆಗೆದೆ. ಅಂಗಡಿಯ ಕಸದಲ್ಲಿ ಬಿದ್ದಿದ್ದ ನಾಲ್ಕರದ್ದೊಂದು ನನ್ನ ಚೀಲದಲ್ಲಿತ್ತು, ಅದನ್ನು ಹಾಕಿ ಮುಚ್ಚಿದೆ. ತೆಗೆದದ್ದನ್ನು ಗೋರೆಗಾಂವದಲ್ಲಿ ಮಾರಿದೆ. ಆ ದುಡ್ಡಿನಲ್ಲಿ ಮೂರು ದಿನ ಕುಡಿದೆ. ಆ ಕೆಲಸ ಮಾಡುವಾಗ ಮಾತ್ರ ನನ್ನ ಕೈ ನಡುಗಲಿಲ್ಲ.

ಇದನ್ನು ಕಾಂತಪ್ಪನವರಿಗೂ ಹೇಳಿರಲಿಲ್ಲ. ಇವತ್ತು ಹೇಳಿದೆ. ‘ನನಗ ಹೇಳಿ ಏನ್ ಮಾಡ್ತಿ, ಅವ್ವಗ ಬರಿ’ ಅಂದರು.

ಸಂದೀಪ


ಕಾಂದಿವಲಿ
19 ಆಗಸ್ಟ್

ಸಂದೀಪ,

ನೀನು 12ರಂದು ಬರೆದದ್ದು ಇವತ್ತು ಬಂತು. ನಾನು 11ರಂದು ಬರೆದದ್ದು ದಾರಿಯಲ್ಲಿ ಅದಕ್ಕೆ ಎದುರಾಗಿರಬೇಕು.

ಖಾಲಿ ಜಾಗ ಕಂಡಾಗ ಮೊದಲು ಅಂಗಡಿಯವ ನಿನಗೆ ಮೋಸ ಮಾಡಿದ್ದಾನೆ ಅಂದುಕೊಂಡೆ. ನೋಡು, ಆಗಲೂ ನಿನ್ನ ಪರವೇ ಯೋಚಿಸಿದ್ದು. ಆಮೇಲೆ ನೀನು ಕರೆದು ತೋರಿಸಿದ್ದು ನೆನಪಾಯಿತು. ನೆಲದ ಮೇಲೆ ಕೂತುಬಿಟ್ಟೆ. ವೈಶಾಲಿ, ‘ಮಾವಶಿ, ಚಕ್ಕರ್ ಬಂತೇನ್?’ ಎಂದು ನೀರು ತಂದಳು. ಸೆಕೆ ಅಂದೆ. ಅವಳಿಗೆ ಹೇಳಿಲ್ಲ, ಹೇಳುವುದೂ ಇಲ್ಲ.

ವಸ್ತು ಹೋಯಿತು, ಹೊಸದು ಬಂತು, ಅದು ಮುಗಿದ ಮಾತು. ಮುಗಿಯದ ಮಾತು ಬೇರೆ ಇದೆ. ಮಾರ್ಚಿನಲ್ಲಿ ಕಂಪ್ಯೂಟರು ಯಾಕೋ ನಿಲ್ಲುತ್ತದೆ ಎಂದು ನಿನಗೆ ಹೇಳಿದೆ. ನೀನು ಮಲಗಿದ್ದಲ್ಲಿಂದಲೇ, ‘ನೀನ ಏನರ ಒತ್ತಿರ್ತಿ. ವಯಸ್ಸಾತು ನಿನಗ’ ಅಂದೆ. ನಾನು ನಂಬಿದೆ. ಐದು ತಿಂಗಳು ನಂಬಿದೆ. ಒಂದೊಂದು ಗುಂಡಿ ಒತ್ತುವಾಗಲೂ ಹೆದರುತ್ತಿದ್ದೆ. ಕಣ್ಣು ಮಂದವಾಯಿತು, ಬೆರಳು ಜಡವಾಯಿತು, ಸಂಘದ ಕೆಲಸ ಒಪ್ಪಿಕೊಳ್ಳಬಾರದಿತ್ತು ಎಂದು ಒಬ್ಬಳೇ ಕೂತು ಅಂದುಕೊಳ್ಳುತ್ತಿದ್ದೆ. ನಿನಗೆ ಕಾರಣ ಗೊತ್ತಿತ್ತು. ನನ್ನ ಮುಖ ನೋಡುತ್ತಾ ಸುಮ್ಮನಿದ್ದೆ.

ಕೂಡಲೇ ಉತ್ತರ ಬರೆಯಬೇಡ. ತಪ್ಪಾಯಿತು ಎಂದು ಬರೆಯುವುದು ಸುಲಭ, ಕುಡಿದಾಗಲೂ ಅದನ್ನು ಬಹಳ ಸಲ ಹೇಳಿದ್ದೀ.

ಮಹಾದೇವಿ


ಧಾರವಾಡ
29 ಸೆಪ್ಟೆಂಬರ್

ಅವ್ವ,

ನೀನು ಏನೂ ತಪ್ಪು ಒತ್ತಿರಲಿಲ್ಲ. ನಿನ್ನ ಬೆರಳು ಜಡವಾಗಿರಲಿಲ್ಲ, ನಿನ್ನ ಕಣ್ಣೂ ಸರಿಯಿತ್ತು. ಕಂಪ್ಯೂಟರು ನಿಲ್ಲುತ್ತಿದ್ದದ್ದು ನನ್ನಿಂದ.

ಇದನ್ನು ಬರೆಯಲು ಒಂದು ತಿಂಗಳಿಗೂ ಹೆಚ್ಚು ಬೇಕಾಯಿತು. ಇಷ್ಟೇ ಬರೆದು ಕಳಿಸೋಣ ಅಂದುಕೊಂಡಿದ್ದೆ, ಆದರೆ ಹೋದ ವಾರ ಒಂದು ಸಂಗತಿ ನಡೆಯಿತು, ಹೇಳಬೇಕು.

ಇಲ್ಲಿನ ಆಫೀಸಿನ ಕಂಪ್ಯೂಟರು ಕೆಟ್ಟಿತ್ತು. ಕಾಂತಪ್ಪನವರು ನನ್ನನ್ನು ಕರೆದರು. ಆಗುವುದಿಲ್ಲ ಅಂದೆ. ಮತ್ತೆ ಕರೆದರು. ಆಗುವುದಿಲ್ಲ ಅಂದೆ. ಮೂರನೇ ಸಲ, ‘ಕೈ ನಡಗತೈತಿ ಅಂತ ಅಂಜತಿಯೇನು?’ ಎಂದು ಕೇಳಿದರು. ‘ಇಲ್ಲರಿ. ನಡಗಲಿಲ್ಲ ಅಂದ್ರ ಏನ್ ಮಾಡ್ಲಿ ಅಂತ ಅಂಜತೀನಿ’ ಅಂದೆ.

ಕೊನೆಗೆ ಒಂದು ಕರಾರಿನ ಮೇಲೆ ಒಪ್ಪಿದೆ. ಅವರು ಎದುರಿಗೆ ಕೂರಬೇಕು. ಬಿಚ್ಚಿದ ಕೂಡಲೇ ಒಳಗೆ ಏನೇನಿದೆ ಎಂದು ನಾನು ಹೇಳುತ್ತೇನೆ, ಅವರು ಬರೆದುಕೊಳ್ಳಬೇಕು. ಮುಚ್ಚುವ ಮೊದಲು ಆ ಚೀಟಿ ಹಿಡಿದು ಒಂದೊಂದೂ ನೋಡಬೇಕು. ‘ಇದೆಲ್ಲಾ ಯಾಕೋ ತಮ್ಮಾ?’ ಅಂದರು. ನನಗಾಗಿ ಅಂದೆ. ಅವರು ಕನ್ನಡಕ ಹಾಕಿಕೊಂಡು, ನಾನು ಹೇಳಿದ್ದನ್ನೆಲ್ಲ ದುಂಡಗೆ ಬರೆದುಕೊಂಡರು. ಕೈ ನಡುಗಿತು, ಒಂದು ಸ್ಕ್ರೂ ಎರಡು ಸಲ ಬಿತ್ತು. ಆದರೂ ಮುಗಿಸಿದೆ. ಚೀಟಿಯಲ್ಲಿದ್ದದ್ದೆಲ್ಲ ಇತ್ತು. ನಾನು ಸಹಿ ಹಾಕಿದೆ, ಅವರೂ ಹಾಕಿದರು.

ಅವ್ವ, ನಿನಗೆ ಹದಿನೈದನೆಯ ಸ್ಕ್ರೂ ಸಿಕ್ಕಿದ್ದು ನಿನ್ನದೇ ಜಾಣತನ. ಅದು ಎಲ್ಲಿದೆ ಎಂದು ಬರೆಯುವುದನ್ನು ನಾನು ಮರೆತಿದ್ದೆ.

ಸಂದೀಪ


ಕಾಂದಿವಲಿ
21 ಅಕ್ಟೋಬರ್

ಸಂದೀಪ,

ಅರವತ್ತು ಶಾಲೂ ಮುಗಿದವು. ಎರಡು ಗಂಟು ಕಟ್ಟಿ ವೈಶಾಲಿಯ ಜೊತೆ ಲೋಕಲ್‌ನಲ್ಲಿ ಒಯ್ದು, ದಾದರಿನಲ್ಲಿ ಗಾಡಿ ಬದಲಿಸಿ ಮಾಟುಂಗಕ್ಕೆ ಮುಟ್ಟಿಸಿದೆ. ಸಂಘದ ಹಿರಿಯರೊಬ್ಬರು ಶಾಲು ಬಿಡಿಸಿ, ಅಂಚಿನ ಗೋಪುರದ ಮೇಲೆ ಬೆರಳಾಡಿಸಿ, ‘ಇದನ್ನ ಯಾರಲ್ಲೆ ಮಾಡಿಸಿದ್ರಿ ತಾಯಿ?’ ಎಂದು ಕೇಳಿದರು. ನಾನೇ ಅಂದೆ. ‘ಕಂಪ್ಯೂಟರೂ?’ ಅಂದರು. ಕಂಪ್ಯೂಟರೂ ನಾನೇ ಅಂದೆ. ಅದನ್ನು ಹೇಳುವಾಗ ಗಂಟಲು ಸ್ವಲ್ಪ ಏರಿತು, ವೈಶಾಲಿ ನಕ್ಕಳು. ಆಮೇಲೆ ಉಡುಪಿ ಹೋಟೆಲಿನಲ್ಲಿ ಇಬ್ಬರೂ ದೋಸೆ ತಿಂದೆವು.

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಮೊದಲ ಮೂರು ಸಾಲನ್ನು ಇನ್ನೂ ಹೆಚ್ಚು.

ನವೆಂಬರ್ 8ಕ್ಕೆ ನಿನ್ನ ಆರು ತಿಂಗಳು ಮುಗಿಯುತ್ತದೆ. ಬರುವ ಮೊದಲು ಮನೆಯಲ್ಲಿ ಏನು ಹೇಗೆ ಎಂದು ನೀನು ತಿಳಿದಿರಬೇಕು, ಬಂದ ಮೇಲೆ ಮಾತು ಬೇಡ. ಬಾಗಿಲಿನ ಕೀಲಿ ನಿನಗೆ ಕೊಡುತ್ತೇನೆ. ಕಂಪ್ಯೂಟರಿಗೆ ಪಾಸ್‌ವರ್ಡ್ ಹಾಕಿದ್ದೇನೆ, ಅದನ್ನು ಕೊಡುವುದಿಲ್ಲ. ಅದನ್ನು ಬಿಚ್ಚುವುದು, ಮುಚ್ಚುವುದು ನನ್ನ ಕೆಲಸ. ಗೊತ್ತಾಗದಿದ್ದರೆ ಕೇಳುತ್ತೇನೆ, ನೀನು ದೂರ ಕೂತು ಹೇಳಬೇಕು. ನಿನ್ನ ಮೇಲೆ ನನಗೆ ಈಗ ಸಿಟ್ಟಿಲ್ಲ. ನಂಬಿಕೆ ಇನ್ನೂ ಬಂದಿಲ್ಲ. ಇವೆರಡೂ ಬೇರೆ ಬೇರೆ, ಒಂದು ಹೋದ ಕೂಡಲೇ ಇನ್ನೊಂದು ಬರುವುದಿಲ್ಲ. ನಿನ್ನನ್ನು ಸುಳ್ಳು ಹೇಳಿ ಗಾಡಿ ಹತ್ತಿಸಿದವಳು ನಾನು, ನಿನಗೂ ನನ್ನ ಮೇಲೆ ಹಾಗೆಯೇ ಇರಬಹುದು. ಇರಲಿ. ಇಬ್ಬರೂ ಕಾಯೋಣ.

ಶಾಂತಪ್ಪಮಾಮ ನಿನ್ನನ್ನು ಕರೆದುಕೊಂಡು ಬರುತ್ತಾನೆ. ದಾದರಿಗೆ ನಾನು ಬಂದಿರುತ್ತೇನೆ.

ಅವ್ವ


ಧಾರವಾಡ
1 ನವೆಂಬರ್

ಅವ್ವ,

ನೀನು ಬರೆದದ್ದಕ್ಕೆಲ್ಲ ಒಪ್ಪಿಗೆ. ಪಾಸ್‌ವರ್ಡ್ ಕೇಳುವುದಿಲ್ಲ. ನಿನ್ನ ಮೇಲೆ ಸಿಟ್ಟಿತ್ತು, ಮಳೆಗಾಲದಲ್ಲಿ ಎಲ್ಲೋ ಹೋಯಿತು. ಮದುವೆ ಅಂದಿರದಿದ್ದರೆ ನಾನು ಗಾಡಿ ಹತ್ತುತ್ತಿರಲಿಲ್ಲ.

ಒಂದನ್ನು ಮಾತ್ರ ಒಪ್ಪುವುದಿಲ್ಲ. ಮಾಮ ಬರುವುದು ಬೇಡ, ನೀನೂ ದಾದರಿಗೆ ಬರಬೇಡ. ಶನಿವಾರ ಹೊರಟು ಭಾನುವಾರ, 10ರ ಬೆಳಿಗ್ಗೆ, ಎಂಟಕ್ಕೆ ದಾದರಿನಲ್ಲಿ ಇಳಿಯುತ್ತೇನೆ. ಅಲ್ಲಿಂದ ಸ್ಲೋ ಲೋಕಲ್ ಹಿಡಿದರೆ ಒಂಬತ್ತರ ಸುಮಾರಿಗೆ ಮನೆ. ನಡುವೆ ಗೋರೆಗಾಂವ ಬರುತ್ತದೆ. ಅಂಗಡಿ ಅಲ್ಲಿದೆ, ಜೊತೆಗೆ ಕೂತು ಕುಡಿಯುತ್ತಿದ್ದವರು ಅಲ್ಲಿದ್ದಾರೆ. ಸ್ಟೇಷನ್ನಿನಿಂದ ಎಷ್ಟು ಹೆಜ್ಜೆ ಎಂದು ನನ್ನ ಕಾಲಿಗೆ ಗೊತ್ತು. ನೀನು ಕೈ ಹಿಡಿದು ಕೂತರೆ ಆ ದಿನ ದಾಟುತ್ತೇನೆ. ಮರುದಿನ ನೀನು ಮಷೀನಿನ ಮುಂದೆ ಇರುತ್ತೀ, ನಾನು ಒಬ್ಬನೇ ಇರುತ್ತೇನೆ. ಆದ್ದರಿಂದ ಮೊದಲ ದಿನವೇ ಒಬ್ಬನೇ ದಾಟಬೇಕು.

ಹೆದರಿಕೆ ಇದೆ. ಆದರೂ ಬರಬೇಡ.

ಸಂದೀಪ


ಕಾಂದಿವಲಿ
10 ನವೆಂಬರ್ 2024

ಕಾಂತಪ್ಪನವರಿಗೆ,

ಮಗ ಮನೆ ಮುಟ್ಟಿದ ದಿನವೇ ಎರಡು ಸಾಲು ಬರೆದು ತಿಳಿಸಿ ಎಂದು ಹೇಳಿ ಕಳಿಸಿದ್ದಿರಿ. ಮುಟ್ಟಿದ್ದಾನೆ. ಎರಡು ಸಾಲಿಗೆ ಮುಗಿಯುವುದಿಲ್ಲ, ಕ್ಷಮಿಸಿ.

ನಾನು ದಾದರಿಗೆ ಹೋಗಲಿಲ್ಲ. ಎರಡು ಸಲ ಚಪ್ಪಲಿ ಹಾಕಿಕೊಂಡು ಎರಡು ಸಲವೂ ತೆಗೆದೆ. ಒಂಬತ್ತಾಯಿತು, ಬರಲಿಲ್ಲ. ಹತ್ತಾಯಿತು. ಮಷೀನಿನ ಮುಂದೆ ಕೂತೆ, ಮೂರು ಸಲ ದಾರ ಹರಿಯಿತು. ಗಾಡಿ ಸಮಯಕ್ಕೇ ಬಂದಿದೆ ಎಂದು ವೈಶಾಲಿ ಫೋನಿನಲ್ಲಿ ನೋಡಿ ಹೇಳಿದಳು. ಹೇಳಿದ ಮೇಲೆ ಯಾಕಾದರೂ ಹೇಳಿದೆನೋ ಎಂಬಂತೆ ನಿಂತಳು. ಅವಳನ್ನು ಮನೆಗೆ ಕಳಿಸಿದೆ.

ಹನ್ನೊಂದೂಕಾಲಿಗೆ ಬಾಗಿಲು ಬಡಿದ. ತೆಳ್ಳಗಾಗಿದ್ದಾನೆ, ಮುಖ ತಿಳಿಯಾಗಿದೆ. ನಾನು ಚೀಲ ಇಸಕೊಳ್ಳುವ ನೆಪದಲ್ಲಿ ಹತ್ತಿರ ಬಾಗಿ ಅವನ ಬಾಯಿಯ ವಾಸನೆ ನೋಡಿದೆ. ನಿಮಗೆ ಸುಳ್ಳು ಯಾಕೆ ಬರೆಯಲಿ, ನೋಡಿದೆ. ಚಹಾದ ವಾಸನೆ, ಗಾಡಿಯ ವಾಸನೆ, ಅಷ್ಟೇ. ಅವನಿಗೆ ತಿಳಿಯಿತು. ನನಗೆ ನಾಚಿಕೆಯಾಗಿ ಒಳಗೆ ಹೋಗಲು ತಿರುಗಿದೆ. ‘ಅವ್ವಾ, ನಿಂದ್ರು. ಸರಿಯಾಗಿ ನೋಡು’ ಎಂದು ಬಾಯಿ ತೆರೆದು ಹೊಸ್ತಿಲಲ್ಲೇ ನಿಂತ.

ತಡವಾದದ್ದು ಯಾಕೆ ಎಂದು ನಾನು ಕೇಳಲಿಲ್ಲ. ನೀರು ಕುಡಿದು ಅವನೇ ಹೇಳಿದ. ಗೋರೆಗಾಂವದಲ್ಲಿ ಇಳಿದನಂತೆ. ಇಳಿಯಬಾರದು ಅಂದುಕೊಂಡಿದ್ದರೂ ಗಾಡಿ ನಿಂತ ಕೂಡಲೇ ಕಾಲು ಇಳಿದುಬಿಟ್ಟಿತಂತೆ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಚೀಲ ತಬ್ಬಿಕೊಂಡು ಕೂತು, ಹೊರಗೆ ಹೋಗುವ ಮೆಟ್ಟಿಲನ್ನೇ ನೋಡುತ್ತಿದ್ದನಂತೆ. ‘ಗಾಡಿ ಬಂದಂಗ ಬಂದಂಗ ಎದ್ದು ನಿಂದರ್ತಿದ್ದೆ. ಮೆಟ್ಟಿಲ ಕಡೆ ಹೋಗಬೇಕೋ, ಗಾಡಿ ಕಡೆ ಹೋಗಬೇಕೋ ಗೊತ್ತಾಗ್ತಿರಲಿಲ್ಲ. ಮತ್ತ ಕೂಡ್ತಿದ್ದೆ. ಎಷ್ಟ ಗಾಡಿ ಹೋದುವೋ. ಆಮ್ಯಾಲೆ ಒಂದು ಹತ್ತಿಬಿಟ್ಟೆ’ ಅಂದ.

ನಾನು ಅವನ ತಟ್ಟೆಗೆ ರೊಟ್ಟಿ ಹಾಕುತ್ತಾ, ‘ನಾ ದಿನಾ ಮೂಸಿ ನೋಡ್ತೀನಿ. ಸಿಟ್ಟ ಆಗಬ್ಯಾಡ’ ಅಂದೆ.

‘ನೋಡು’ ಅಂದ. ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡ.

ಮಹಾದೇವಿ
ಸಂದೀಪನ ಅವ್ವ